ತೆರೆಗೆ ಬಾರದ ತೋಳ

ದೊಡ್ಡಉಳ್ಳಾರ್ತಿ, ಚಳ್ಳಕೆರೆ ತಾಲ್ಲೂಕು
ಕೀಲಕ ಸಂವತ್ಸರ, ಮಾಘ ಶುದ್ಧ ಪಂಚಮಿ, ೧೯೦೯

ಮೊಳಕಾಲ್ಮುರು ಸೀಮೆಯ ಸಮಸ್ತ ತೊಗಲುಗೊಂಬೆಗಳ ಪ್ರಾಣದಾತರೂ, ಒಂದೇ ಬಾಯಲ್ಲಿ ರಾಜ, ರಾಣಿ, ಕತ್ತೆ ಮೂವರನ್ನೂ ಮಾತಾಡಿಸುವ ಮಹಾಮಹಿಮರೂ, ಎಣ್ಣೆದೀಪದ ಹಿಂದಿನ ಚಕ್ರವರ್ತಿಗಳೂ ಆದ ಗುರು ಚಿಕ್ಕೀರಪ್ಪನವರ ದಿವ್ಯಪಾದಗಳಿಗೆ, ಇನ್ನೂ ಶಿಷ್ಯನಾಗದ ಶಿಷ್ಯ ಬೋರನು ಉದ್ದಕ್ಕೆ ಅಡ್ಡಬಿದ್ದು ಬರೆಯುವುದೇನೆಂದರೆ:

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ಗಾದ್ರಪ್ಪನ ಮರ್ಯಾದೆಗೆ ಮಾತ್ರ ಕೊಂಚ ಹುಷಾರಿಲ್ಲ.

ಅಪ್ಪ ಒಪ್ಪಿದರೆ ಮೇಳಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿ, ಅಭ್ಯಾಸಕ್ಕೆಂದು ಕುರಿಗಳ ಗೊಂಬೆಗಳನ್ನೂ ಒಂದು ತೋಳವನ್ನೂ ತಾವು ಕೊಟ್ಟು ಕಳಿಸಿದಿರಷ್ಟೆ. ಅಪ್ಪನನ್ನು ಕೇಳಿದೆ. "ಲೇ, ನಾನು ಕುರಿ ಮೇಯ್ಸೋ ಕಾವಲಿನಾಗೆ ನಿಜವಾದ ತೋಳದ ಕಣ್ಣಾಗೆ ಕಣ್ಣಿಟ್ಟೋನು. ನಿನ್ನ ತೊಗಲು ನೋಡಿ ಕುಂತ ಜಾಗದಿಂದ ಎದ್ರೆ ನೀನು ಗೊಂಬೆ ಹಿಂದೆ ಹೋಗು. ಏಳ್ಲಿಲ್ಲ ಅಂದ್ರೆ ಸಾಯೋತನಕ ಕುರಿ ಹಿಂದೆ" ಎಂದು ತೀರ್ಪು ಕೊಟ್ಟ.

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಅಪ್ಪನ ಪಂಚೆಯನ್ನೇ ತೆರೆಯಾಗಿ ಕಟ್ಟಿದೆ. ಹಟ್ಟಿಯ ಜನವೆಲ್ಲ ಸೇರಿತು. ಅಪ್ಪ ಎಲ್ಲರಿಗಿಂತ ಮುಂದೆ ಕಂಬಳಿ ಹಾಸಿ, ಬೇರು ಬಿಟ್ಟವನಂತೆ ಕೂತ.

ಈಗ ನನ್ನ ನೂತನ ಶಾಸ್ತ್ರವನ್ನು ಗುರುಗಳು ಸಾವಧಾನವಾಗಿ ಕೇಳಬೇಕು. ತೋಳವನ್ನು ತೋರಿಸಲೇಬಾರದು! ತೋರಿಸಿದರೆ ಅದು ಬರೀ ತೊಗಲು; ತೋರಿಸದಿದ್ದರೆ ತೋಳ.

ದೀಪದ ಒಂದು ಬದಿಗೆ ಮಡಕೆಯ ಚೂರು ಅಡ್ಡವಿಟ್ಟೆ. ತೆರೆಯ ಬಲಭಾಗ ಕತ್ತಲಾಯಿತು. ಕುರಿಗಳ ಮುಖವನ್ನೆಲ್ಲ ಆ ಕತ್ತಲ ಕಡೆಗೇ ತಿರುಗಿಸಿದೆ. ಕುರಿ ನೋಡಿದ ಕಡೆ ಜನವೂ ನೋಡಿತು. ಆಮೇಲೆ ಟಗರಿನ ಗೊಂಬೆಯನ್ನು ತೆರೆಯಿಂದ ಬಿಡಿಸಿ ದೀಪದ ಹತ್ತಿರಕ್ಕೆ ಎಳೆಯುತ್ತ ಬಂದೆ. ಬಣ್ಣ ಮಾಸಿ, ನೆರಳು ಊದಿ, ಟಗರೇ ಭೂತದಂತಾಯಿತು. ನಮ್ಮ ಮನೆಯ ಟಗರಿನ ಗಂಟೆಯನ್ನು ಬಿಚ್ಚಿ ನನ್ನ ಕಾಲ್ಬೆರಳಿಗೆ ಕಟ್ಟಿಕೊಂಡಿದ್ದೆ. ಟಿಣ್, ಟಿಣ್. ಪಕ್ಕದಲ್ಲಿ ಅವ್ವ ಖಾಲಿ ಗಡಿಗೆಯೊಳಗೆ ಮುಖವಿಟ್ಟು ಮೆಲ್ಲಗೆ ಗುರುಗುಟ್ಟುತ್ತಿದ್ದಳು. ಟಿಣ್.

ಬೆರಳು ನಿಲ್ಲಿಸಿದೆ. ಗಡಿಗೆಯೂ ಸುಮ್ಮನಾಯಿತು.

ಮುಂದಾಳು ಟಗರಿನ ಗಂಟೆ ನಿಂತಿತೆಂದರೆ ಹಿಂಡು ಬೆದರಿ ನಿಂತಿದೆ, ತೋಳ ಬಂದಿದೆ ಎಂದು ಕುರಿ ಕಾಯುವವರಿಗೆ ಯಾರು ಹೇಳಬೇಕು? ಪಕ್ಕದ ಮನೆಯ ದುರುಗಣ್ಣ ಎಲೆಅಡಿಕೆ ಅಗಿಯುವುದನ್ನು ಬಿಟ್ಟ. ಯಾರದೋ ಕೂಸು ಅಳಲು ತೆರೆದ ಬಾಯಿ ಹಾಗೇ ಉಳಿಯಿತು. ಅಪ್ಪ ಕೋಲು ಹಿಡಿದು ನೆಗೆದೇಬಿಟ್ಟ! "ಹೋಯ್! ಬಲಕ್ಕೈತೆ, ಬಲಕ್ಕೈತೆ!" ಎಂದು ಕೂಗುತ್ತ ಕತ್ತಲ ಭಾಗಕ್ಕೆ ಬೀಸಿದ ಏಟಿಗೆ ಅವನದೇ ಪಂಚೆ ಸೀಳಿತು. ಗಡಿಗೆಯಿಂದ ತಲೆಯೆತ್ತಿದ ಅವ್ವ, "ಕುಂತ್ಕಳ್ರೀ, ಆಟ ಇನ್ನೂ ಐತೆ" ಎಂದಳು.

ತಾನು ಎದ್ದೇ ಇಲ್ಲ, ಕಾಲು ಜೋಮು ಹಿಡಿದಿತ್ತು ಎಂದು ಅಪ್ಪನ ವಾದ. "ಜೋಮು ಬಿಡ್ಸಾಕೆ ಕೋಲು ಬೀಸ್ತಾರೇನ್ಲೇ ಗಾದ್ರಪ್ಪ?" ಎಂದ ದುರುಗಣ್ಣ. ಹಟ್ಟಿಗೆ ಹಟ್ಟಿಯೇ ನಕ್ಕಿತು. ಎಲ್ಲರೂ ಹೋದ ಮೇಲೆ ಅಪ್ಪ ಹರಿದ ಪಂಚೆ ಮಡಚುತ್ತ, ನನ್ನ ಮುಖ ನೋಡದೆ, "ಹೋಗು. ಗಂಟೆ ನಿಲ್ಸಿದ್ದು ಸರಿಯಾಗಿತ್ತು" ಎಂದ.

ಆದ್ದರಿಂದ ಬರುವ ಸೋಮವಾರ ಗಂಟುಮೂಟೆ ಸಮೇತ ತಮ್ಮ ಬಾಗಿಲಲ್ಲಿ ಪ್ರತ್ಯಕ್ಷನಾಗುತ್ತೇನೆ.

ಇಂತು,
ಮರೆಮಾಡುವ ವಿದ್ಯೆಯ ಮೂಲಪುರುಷ,
ಬೋರ

ತಾ.ಕ.: ಗುರುಗಳಿಗೆ ಇದನ್ನು ಓದಿ ಹೇಳುತ್ತಿರುವವರು ಇಲ್ಲಿಂದ ಮುಂದಕ್ಕೆ ಅವರ ಊಟವಾದ ಮೇಲೆ, ಸ್ವಲ್ಪ ಮೆಲ್ಲಗೆ ಓದಬೇಕು. ತೋಳವನ್ನು ತೋರಿಸಬಾರದೆಂಬ ಶಾಸ್ತ್ರ ಹುಟ್ಟಿದ್ದು ನಿನ್ನೆ ಮಧ್ಯಾಹ್ನ, ನಮ್ಮ ನಾಯಿ ತೋಳವನ್ನು ತಿಂದ ಮೇಲೆ. ಬಾಲ ಉಳಿದಿದೆ, ತರುತ್ತೇನೆ.