ಕೈಗೆ ಸಿಗಬೇಕಾದ ಕುಣಿಕೆ

ಅಕ್ಟೋಬರ್ ೯, ಸಂಜೆ ೭

ನೀರು ಹೆಚ್ಚಿದೆ. ಮೇಲಿನ ಅಣೆಕಟ್ಟಿನ ಗೇಟು ತೆರೆದಿರಬೇಕು. ಕಯಾಕ್ ದೋಣಿಯಲ್ಲಿ ಆರು ಸಲ ಇಳಿದೆ, ಎರಡು ಸಲ ಮಗುಚಿದೆ. ಬಾಲಿಕೋವ ದಡದಲ್ಲಿ ಕೂತು ಮೊಟ್ಟೆ ಚಪಾತಿ ತಿನ್ನುತ್ತಾ ಲೆಕ್ಕ ಇಡುತ್ತಿದ್ದ.

"ಏನೇ ಕಗೋಯಾ, ನೈಲ್ ನದಿ ಪೂರ್ತಿ ನೀನೇ ಕುಡೀತೀಯಾ? ಈಜಿಪ್ಟಿನವ್ರಿಗೂ ಒಂಚೂರು ಬಿಡೇ!"

ದೋಣಿಯಲ್ಲಿ ಕೂರುವಾಗ ಸೊಂಟಕ್ಕೆ ಹಾಕುವ ಅವನ ಸ್ಕರ್ಟು ಹರಿದಿತ್ತು. ಅವನಮ್ಮ ಮಾರ್ಕೆಟ್ಟಿನ ತಮ್ಮ ಹೊಲಿಗೆ ಯಂತ್ರದಲ್ಲೇ ಹೊಲಿದುಕೊಟ್ಟರು. "ದೋಣಿ ಬಾಯಿಗೆ ಬಿಗಿಯೋದಂತೆ, ನೀರು ಬರದ ಹಾಗೆ. ಗಂಡಸಿಗೆ ಸ್ಕರ್ಟು ಹೊಲಿದ ದರ್ಜಿ ಈ ಊರಲ್ಲಿ ನಾನೊಬ್ಳೇ ಕಣೇ" ಅಂತ ನಕ್ಕಿದ್ದೇ ನಕ್ಕಿದ್ದು.

ಡಿಸೆಂಬರಿಗೆ ಅವನ ಮನೆಯವರು ನಮ್ಮನೆಗೆ ಹೆಣ್ಣು ಕೇಳಲು ಬರುತ್ತಾರೆ. ತೆರಕ್ಕೆ ಎಷ್ಟು ಮೇಕೆ ತರಬೇಕು ಅಂದ. ಮೊದಲು ರೇಸ್ ಗೆದ್ದು ಕಪ್ ತಗೊಂಡು ಬಾ ಅಂದೆ.

ಅಕ್ಟೋಬರ್ ೧೩

ಹೊಸ ಹುಡುಗಿಯರಿಗೆ ಇವತ್ತು ಪಾಠ ನನ್ನದು. ಕೋಚ್ ವಂಬೂಜಿ ನಮಗೆ ಹೇಳಿದ್ದನ್ನೇ ಹೇಳಿದೆ. ಸ್ಕರ್ಟಿನ ಮುಂದಿರುವ ಕುಣಿಕೆ ಯಾವಾಗಲೂ ಹೊರಗಿರಬೇಕು. ಮಗುಚಿ ಏಳಲಾಗದಿದ್ದರೆ ಅದನ್ನು ಎಳೆದು ಸ್ಕರ್ಟು ಬಿಚ್ಚಿಯೇ ದೋಣಿಯಿಂದ ಹೊರಬರುವುದು. ಅದು ಒಳಗೆ ಸಿಕ್ಕಿಕೊಂಡರೆ ಕತೆ ಮುಗಿಯಿತು. ಅದಕ್ಕೇ ನೀರಿಗಿಳಿಯುವ ಮುಂಚೆ ಒಬ್ಬರ ಕುಣಿಕೆ ಇನ್ನೊಬ್ಬರು ತಟ್ಟಿ ನೋಡುವುದು. ಹನ್ನೊಂದು ವರ್ಷದಿಂದ ಬಾಲಿಕೋವನದು ನಾನು, ನನ್ನದು ಅವನು.

ಅವನ ಹೆಬ್ಬೆರಳು ಬಂಡೆಗೆ ಬಡಿದು ಬದನೆಕಾಯಿ ಹಾಗೆ ಊದಿದೆ. ನಾಳಿದ್ದು ರೇಸ್.

"ಸ್ಕರ್ಟು ಬಿಗಿಯೋಕೆ ಆಗ್ತಿಲ್ಲ. ನೀನೇ ಹಾಕ್ಕೊಡೇ."

"ಮದ್ವೆಗೆ ಮುಂಚೇನೇ ಸೇವೆ ಶುರುನಾ ದೊರೆ?"

ಅಕ್ಟೋಬರ್ ೧೯

ಬಾಲಿಕೋವನನ್ನು ಬಾಳೆತೋಟದಲ್ಲಿ ಮಣ್ಣು ಮಾಡಿ ಎರಡು ದಿನ.

ಬಂದವರೆಲ್ಲ ನನ್ನ ಕೈ ಹಿಡಿದು ಅಳುತ್ತಾರೆ. ಜೀವದ ಹಂಗಿಲ್ಲದೆ ಸುಳಿಗೆ ನುಗ್ಗಿದ ಹುಡುಗಿ ಅನ್ನುತ್ತಾರೆ. ತಲೆಗೆ ಬಂಡೆ ಬಡಿದಿರಬೇಕು ಅಂತ ವಂಬೂಜಿ ಹೇಳಿದ. ಹೌದಲ್ವಾ ಕಗೋಯಾ ಅಂದ. ತಲೆ ಆಡಿಸಿದೆ.

ತಲೆ ಆಡಿಸಿದೆ! ಥೂ ನನ್ನ ಜನ್ಮಕ್ಕೆ.

ಅಕ್ಟೋಬರ್ ೨೦, ಮಧ್ಯಾಹ್ನ

ಇಲ್ಲಾದರೂ ಬರೆಯುತ್ತೇನೆ.

ಗಂಡಸರ ಫೈನಲ್. ನಾಲ್ಕು ದೋಣಿ ಒಟ್ಟಿಗೆ. ಅವನ ಸ್ಕರ್ಟು ಬಿಗಿದವಳು ನಾನು. ಮೇಕೆಯ ವಿಷಯ ತೆಗೆದು ನಗಿಸುತ್ತಿದ್ದ. ಹತ್ತಾದರೂ ಬೇಕು ಅಂದೆ. "ಬೇಗ, ಬೇಗ" ಅಂತ ಕೂಗಿದರು. ಅಂಚು ಎಳೆದು ಕೂರಿಸಿ ಓಡಿದೆ — ಕೆಳಗಿನ ಸುಳಿಯ ಹತ್ತಿರ ಕಾವಲು ನನ್ನದೇ. ಕುಣಿಕೆ ತಟ್ಟಲಿಲ್ಲ. ನಾನೇ ಹಾಕಿದ್ದಲ್ಲವಾ, ಇನ್ನೇನು ನೋಡುವುದು.

ಸುಳಿಯಲ್ಲಿ ಮಗುಚಿದ. ಮೂರು ಸಲ ಏಳಲು ನೋಡಿದ. ಆಮೇಲೆ ಇಲ್ಲ. ಇದೀಗ ಕುಣಿಕೆ ಎಳೆದು ತಲೆ ಎತ್ತುತ್ತಾನೆ ಅಂತ ಕಾದೆ. ನಾನು ಕಾದೆ... ಆಮೇಲೆ ನುಗ್ಗಿದೆ.

ದೋಣಿ ತಿರುಗಿಸಿದಾಗ ಅವನ ಕೈ ಸ್ಕರ್ಟಿನ ಮುಂದಿನ ಅಂಚಿನಲ್ಲೇ ಇತ್ತು. ಹೆಬ್ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚಿಹೋಗಿತ್ತು. ಕುಣಿಕೆ ಒಳಗಿತ್ತು. ಸ್ಕರ್ಟನ್ನು ಪಕ್ಕದಿಂದ ಕಿತ್ತು ಅವನನ್ನು ಹೊರಗೆಳೆದೆ. ನಾನಲ್ಲದೆ ಯಾರೂ ನೋಡಲಿಲ್ಲ.

ಅಕ್ಟೋಬರ್ ೨೬

ಬಾಲಿಕೋವನ ಅಮ್ಮನ ಮನೆಗೆ ಹೋಗಿದ್ದೆ. ಗೆಣಸು ಬೇಯಿಸಿಟ್ಟುಕೊಂಡು ತಿನ್ನದೆ ಕೂತಿದ್ದರು.

"ತಪ್ಪು ನಂದೇ ಕಣೇ. ದೋಣಿ ತಂದ ದಿನ ನದಿಗೊಂದು ಕೋಳಿ ಕೊಡು ಅಂದಿದ್ರು ನಮ್ಮತ್ತೆ. ಚರ್ಚಿನವ್ರ ಮಾತು ಕೇಳಿ ಕೊಡ್ಲಿಲ್ಲ. ಒಂದು ಕೋಳಿಗೆ ಹಿಂದೆಮುಂದೆ ನೋಡಿ ಮಗನ್ನೇ ಕೊಟ್ಟೆ."

ಅಲ್ಲಮ್ಮ ಅಂದೆ. ಗೆಣಸನ್ನು ಅವರ ಮುಂದೆ ಸರಿಸಿ ಎದ್ದು ಬಂದೆ. ಹೇಡಿ ನಾನು.

ನವೆಂಬರ್ ೩

ನಾಡಿದ್ದು ಅವನ ಹೆಸರಿನಲ್ಲಿ ರೇಸ್. ಅಮ್ಮ ಹೇಳಿ ಕಳಿಸಿದ್ದರು, ಹೋದೆ. ಅವನ ಸ್ಕರ್ಟನ್ನು ಒಗೆದು ಒಣಗಿಸಿ ಮಡಿಸಿಟ್ಟಿದ್ದರು. ನೀನೇ ಹಾಕ್ಕೋ, ನೀನೇ ಗೆಲ್ಲು ಅಂದರು. ಆಮೇಲೆ ಮುಂದಿನ ಅಂಚು ತೋರಿಸಿದರು.

"ಈ ಕುಣಿಕೆ ಒಳಗಡೆ ಮಡಚ್ಕೊಂಡು ಹೋಗ್ತಿತ್ತು. ನನ್ನ ಸೊಂಟಪಟ್ಟೀಲಿ ಕೆಂಪು ತುಂಡು ಕತ್ತರಿಸಿ ಹೊಲಿದಿದೀನಿ ನೋಡು, ಎದ್ದು ಕಾಣ್ಲಿ ಅಂತ. ಅವತ್ತೇ ಕೇಳ್ಬೇಕು ಅನ್ಕೊಂಡೆ... ಇದು ಯಾತಕ್ಕೆ ಕಣೇ?"

ಹೇಳಿದೆ. ಯಾತಕ್ಕೆ ಅಂತಲೂ ಹೇಳಿದೆ, ಒಳಗೆ ಬಿಟ್ಟವಳು ಯಾರು ಅಂತಲೂ ಹೇಳಿದೆ. ನದಿ ನಿಮ್ಮ ಕೋಳಿ ಕೇಳಿರಲಿಲ್ಲಮ್ಮ ಅಂದೆ.

ಬೈಯಲಿಲ್ಲ. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಕೆಂಪು ಬಟ್ಟೆಯನ್ನು ಬೆರಳಲ್ಲಿ ಸವರುತ್ತಾ ಕೂತರು. ಆಮೇಲೆ ಒಂದೇ ಮಾತು ಕೇಳಿದರು.

"ಅವ್ನು ಇದನ್ನ ಹುಡುಕಿದ್ನಾ?"

ಸುಳ್ಳು ಹೇಳಬಹುದಿತ್ತು. ನಾನು ಹೇಳಲಿಲ್ಲ. ಹುಡುಕಿದ್ನಮ್ಮ, ಕೈ ಇಲ್ಲೇ ಇತ್ತು ಅಂದೆ.