ನೇರಳಕುದ್ರು ಮುಳುಗಿದ ದಿನ

ಬ್ರಹ್ಮಾವರ
೯ ಆಗಸ್ಟ್ ೨೦೧೧

ಪ್ರೀತಿಯ ಕುಸುಮಾವತಿ ಅತ್ತಿಗೆಗೆ ಸುಗುಣಳ ನಮಸ್ಕಾರ.

ಮನೀಷ್ ಹೊಸ ದೋಣಿ ಮಾಡಿಸಿದ್ದಾನೆ, ಅದಕ್ಕೂ ಅಪ್ಪನ ದೋಣಿಯ ಹೆಸರನ್ನೇ ಇಡುತ್ತಾನೆ ಎಂದು ನೀವು ಹೇಳಿದಾಗ ಕಣ್ಣು ತುಂಬಿತು. ಪೂಜೆಗೆ ಊರವರನ್ನೆಲ್ಲ ಕರೆಯುತ್ತೇವೆ, ಕಿಟ್ಟನೊಬ್ಬನನ್ನು ಬಿಟ್ಟು, ಎಂದಿರಿ. ನಾನು ‘ಹ್ಞೂಂ’ ಎಂದು ಫೋನ್ ಇಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೆರಡು ವರ್ಷದ ಹಿಂದೆ, ಆ ಬೆಳಿಗ್ಗೆ ನಾನು ಈಚೆ ದಡದಲ್ಲಿ, ದೋಣಿ ಕಟ್ಟುವ ಕಡವಿನ ಅಂಗಡಿಯಲ್ಲಿದ್ದೆ. ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಹೊಳೆ ಏರಿ, ಅದರ ನಡುವಿನ ನಮ್ಮ ಕುದ್ರುವಿನ ಗದ್ದೆಗೆ ನೀರು ನುಗ್ಗಿತ್ತು. ಅಮ್ಮ, ನೀವು, ಮನೀಷ್ ಎಲ್ಲ ಅಲ್ಲೇ. ನನ್ನ ಅಣ್ಣ ಪಾಂಡಣ್ಣ ಮಾತ್ರ ತನ್ನ ದೋಣಿ ತೆಗೆದುಕೊಂಡು ಕಡಲಿಗೆ ಹೋಗಿದ್ದ.

ಅಷ್ಟರಲ್ಲಿ, ಹೊಳೆ ಕಡಲು ಸೇರುವ ಅಳಿವೆ ಹತ್ತಿರದ ಅಂಗಡಿಯಿಂದ, ನಮ್ಮೂರ ದೋಣಿಗಳಲ್ಲಿ ದುಡಿಯುತ್ತಿದ್ದ ಕಿಟ್ಟಣ್ಣ ಫೋನ್ ಮಾಡಿದ. “ನೇರಳಕುದ್ರು ಮುಳುಗ್ತಾ ಇತ್ತ್, ಬೇಗ ದೋಣಿ ಕಳ್ಸಿ” ಎಂದ. ನನಗೆ ನಮ್ಮ ಮನೆಯೇ ಕಣ್ಣ ಮುಂದೆ ಬಂತು. ಕಡವಿನಲ್ಲಿದ್ದ ನಾಲ್ಕೂ ದೋಣಿಗಳನ್ನು ಕುದ್ರುವಿಗೆ ಓಡಿಸಿದೆ. ನೀವು ಅಂಗಳದಲ್ಲಿ ನಿಂತು, “ಎಂತಕ್ಕೆ ಬಂದದ್ ಎಲ್ಲ?” ಎಂದು ಕೇಳಿದಿರಂತೆ. ಮುಳುಗುತ್ತಿರುವುದು ಅಣ್ಣನ ದೋಣಿ ಎಂದು ಆಗ ಹೊಳೆದು, ದೋಣಿಗಳು ಅಲ್ಲಿಂದ ತಿರುಗಿ ಅಳಿವೆ ಮುಟ್ಟುವಾಗ ಪಾಂಡಣ್ಣ ಇರಲಿಲ್ಲ. ಹಲಗೆ ಹಿಡಿದು ತುಂಬ ಹೊತ್ತು ತೇಲುತ್ತಿದ್ದ ಎಂದು ದಂಡೆಯಲ್ಲಿದ್ದವರು ಹೇಳಿದರು.

ನಮ್ಮ ಕುದ್ರುವಿಗೂ ಪಾಂಡಣ್ಣನ ದೋಣಿಗೂ ಒಂದೇ ಹೆಸರು ಎಂದು ಗೊತ್ತಿದ್ದೂ ಕಿಟ್ಟ ಬಿಡಿಸಿ ಹೇಳಲಿಲ್ಲ ಎಂದು ಎಲ್ಲರೂ ಅಂದರು. ನಾನೂ ಹೌದೆಂದೆ. ಅವನು ಎದುರು ಮಾತಾಡಲಿಲ್ಲ. ಆಮೇಲೆ ಯಾರೂ ಅವನನ್ನು ದೋಣಿಗೆ ಹತ್ತಿಸಿಕೊಳ್ಳಲಿಲ್ಲ. ಕುಂದಾಪುರದಲ್ಲಿ ಗೇರುಬೀಜದ ಮೂಟೆ ಹೊತ್ತು ಬದುಕಿದ.

ಅತ್ತಿಗೆ, ಅವನ ಮಾತು ಅಲ್ಲಿಗೆ ಮುಗಿದಿರಲಿಲ್ಲ. “ಪಾಂಡಣ್ಣ” ಎಂದು ಇನ್ನೇನೋ ಹೇಳುತ್ತಿದ್ದ. ನಾನು ಫೋನ್ ಇಟ್ಟುಬಿಟ್ಟೆ. ಕಡವಿನ ಮೆಟ್ಟಿಲು ಇಳಿಯುವಾಗ ಹಿಂದೆ ಅದು ಮತ್ತೆ ರಿಂಗಾಗುತ್ತಿತ್ತು. ನನಗೆ ಕೇಳಿಸಿತು. ತಿರುಗಿ ಹೋಗಲಿಲ್ಲ. ಅಮ್ಮ ಸಾಯುವವರೆಗೂ ಕಿಟ್ಟಣ್ಣನನ್ನೇ ಬೈಯುತ್ತಿದ್ದಳು; ನಾನು ಪಕ್ಕದಲ್ಲಿ ಕೂತು ಕೇಳುತ್ತಿದ್ದೆ.

ಪೂಜೆಗೆ ಅವನನ್ನು ಕರೆಯಿರಿ. ನಾನು ಬರಬೇಕೋ ಬೇಡವೋ, ನೀವು ಹೇಳಿದ ಹಾಗೆ.

ನಿಮ್ಮ ನಾದಿನಿ,
ಸುಗುಣ

ತಾ.ಕ.: ಬರೆದು ಎರಡು ದಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಇವತ್ತು ಕುಂದಾಪುರಕ್ಕೆ ಬಂದು ಕಿಟ್ಟಣ್ಣನಿಗೆ ಓದಿ ಹೇಳಿದೆ. ಅಂದೇ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. “ನಿಂಗಾಗ ಮದ್ವಿ ಆಯಿರ್ಲಿಲ್ಲ” ಎಂದ. ಆಮೇಲೆ, “ಇದನ್ನ ಕಳ್ಸ್‌ಬೇಡ. ನಂಗ್ ಅಭ್ಯಾಸ ಆಯ್ತ್. ನಿಂಗ್ ಇಪ್ಪುದ್ ಒಂದೇ ತವರ್ಮನಿ” ಎಂದ. ಅವನ ಮನೆಯಿಂದ ನೇರ ಅಂಚೆ ಕಚೇರಿಗೆ ಬಂದಿದ್ದೇನೆ.