ಅಮ್ಮನ ವರದಿ

೨೧ ನವೆಂಬರ್, ಶುಕ್ರವಾರ

ಪ್ರೀತಿಯ ಚುಕ್ಕಿ,

ಚೆನ್ನಾಗಿದ್ದೀಯಾ? ಪಾಪುವಿಗೆ ಹಲ್ಲು ಬಂತೇ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಸಿಟ್ಟು ಮಾಡಿಕೊಂಡಿರುತ್ತೀಯ. ತಪ್ಪು ನನ್ನದೇ. ಮೂರು ವಾರದಿಂದ ಪೆನ್ನು ಹಿಡಿಯುವುದು, ಕೆಳಗಿಡುವುದು, ಇಷ್ಟೇ ಆಗಿದೆ.

ನಮ್ಮ ಪತ್ರಿಕೆ ನಿನಗೆ ಗೊತ್ತಲ್ಲ, ಹಾರ್ಮೋನು ಕಾಯಿಲೆಯ ರೋಗಿಗಳ ಬಗ್ಗೆ ವೈದ್ಯರು ಬರೆಯುವ ವರದಿಗಳನ್ನು ಅಚ್ಚುಹಾಕುವುದು. ಈ ವರ್ಷ ಹಳೆಯ ಸಂಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುತ್ತಿದ್ದೇವೆ. ಒಂದೊಂದನ್ನೂ ಓದಿ, ಹುಡುಕುವವರಿಗೆ ಸಿಗುವಂತೆ ನಾಲ್ಕೈದು ಪದ ಸೇರಿಸುವುದು ನನ್ನ ಪಾಲಿನ ಕೆಲಸ. ನೆಲಮಾಳಿಗೆಯ ಧೂಳಿಗೆ ಸೀನಿ ಸೀನಿ ಮೂಗು ಟೊಮೇಟೊ ಆಗಿದೆ.

ಕಳೆದ ತಿಂಗಳು ಇಪ್ಪತ್ತಾರು ವರ್ಷದ ಹಿಂದಿನ ಒಂದು ವರದಿ ಸಿಕ್ಕಿತು. ಮೂವತ್ತೈದರ ಹೆಂಗಸು, ಹೊಲಿಗೆ ಕೆಲಸ, ಇಬ್ಬರು ಹೆಣ್ಣುಮಕ್ಕಳು, ಕೀಲುನೋವಿಗೆ ನಾಲ್ಕು ವರ್ಷದಿಂದ ಸ್ಟೀರಾಯ್ಡ್ ಮಾತ್ರೆ. ತಪಾಸಣೆಗೆ ಹೋದಾಗ ತೆಗೆದ ಫೋಟೊ. ಕಣ್ಣಿಗೆ ಕಪ್ಪು ಪಟ್ಟಿ. ಗದ್ದದ ಮೇಲಿನ ಕತ್ತರಿ ಗಾಯದ ಗುರುತನ್ನು ಯಾರೂ ಮುಚ್ಚಿರಲಿಲ್ಲ. ಅಮ್ಮ ಕಣೇ.

ಹೃದಯ ನಿಂತುಹೋಯಿತೆಂದು ಅಪ್ಪ ಹೇಳಿದ್ದನ್ನೇ ನಂಬಿಕೊಂಡು ಬಂದೆವು. ಅಷ್ಟು ದಿನ ಆ ಮಾತ್ರೆ ತಿಂದರೆ ದೇಹ ತನ್ನದೇ ಹಾರ್ಮೋನು ತಯಾರಿಸುವುದನ್ನು ಬಿಟ್ಟುಬಿಡುತ್ತದಂತೆ. ಅಮ್ಮ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ್ದಳು. ಹನ್ನೆರಡನೆಯ ದಿನ ವಾಂತಿ ಶುರುವಾಗಿ ರಕ್ತದೊತ್ತಡ ಕುಸಿಯಿತು. ಆಸ್ಪತ್ರೆಗೆ ಸೇರಿಸಿದ ಮೇಲೆ ಬದುಕಿದ್ದು ಆರು ಗಂಟೆ. "ನಿಲ್ಲಿಸಿದ ಕಾರಣ ತಿಳಿದುಬಂದಿಲ್ಲ" ಎಂದು ಬರೆದು ಮುಗಿಸಿದ್ದಾರೆ.

ಆ ಪುಟವನ್ನು ಸಂಪಾದಕರ ಮುಂದಿಟ್ಟೆ. ಅವರೂ ವಯಸ್ಸಾದ ಡಾಕ್ಟರು. "ಸರ್, ಇದು ನಮ್ಮಮ್ಮ" ಅಂದೆ.

ಕನ್ನಡಕ ತೆಗೆದು ಎದುರಿನ ಕುರ್ಚಿ ತೋರಿಸಿದರು. "ಕೂತ್ಕೊಳ್ಳಮ್ಮ. ಆಗೆಲ್ಲ ಮನೆಯವರನ್ನ ಕೇಳ್ತಾನೇ ಇರ್ಲಿಲ್ಲ. ಬೇಡ ಅಂದ್ರೆ ಫೋಟೊನ ಅದರಿಂದ ತೆಗೆಸಿಬಿಡ್ತೀನಿ. ವರದಿ ಮಾತ್ರ ತೆಗೆಯೋಕಾಗಲ್ಲ. ಮಾತ್ರೆ ಒಂದೇ ಸಲ ನಿಲ್ಲಿಸಬೇಡಿ ಅಂತ ರೋಗಿಗಳಿಗೆ ನಾನು ಕೂರಿಸಿಕೊಂಡು ಹೇಳೋಕೆ ಶುರು ಮಾಡಿದ್ದೇ ಇದನ್ನ ಓದಿದ ಮೇಲೆ."

"ತಂಗಿನೂ ಇದ್ದಾಳೆ ಸರ್."

"ಹಾಗಾದ್ರೆ ಇಬ್ಬರ ಸಹಿನೂ ಬೇಕು."

ಅರ್ಜಿ ಇದರ ಜೊತೆಗಿದೆ. ಫೋಟೊ ಇರಲಿ ಅನ್ನುತ್ತೀಯೋ, ಬೇಡ ಅನ್ನುತ್ತೀಯೋ, ನಿನಗೆ ಬಿಟ್ಟಿದ್ದೇನೆ. ಅಮ್ಮ ಹೋದಾಗ ನಿನಗಿನ್ನೂ ನಾಲ್ಕು ವರ್ಷ. ಅವಳ ಮುಖವೇ ನೆನಪಿಲ್ಲವೆಂದು ಎಷ್ಟು ಸಲ ಅತ್ತಿದ್ದೀಯ! ಅದಕ್ಕೇ ಆ ಫೋಟೊದ ಒಂದು ಪ್ರತಿಯನ್ನೂ ಇಟ್ಟಿದ್ದೇನೆ. ಒಬ್ಬಳೇ ಇದ್ದಾಗ ನೋಡಬೇಡ.

ಪಾಪುವಿಗೆ ಮುತ್ತು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಅಮ್ಮ ಮಾತ್ರೆ ನಿಲ್ಲಿಸಿದ ಕಾರಣ ನನಗೆ ಗೊತ್ತು. ಸಂಪಾದಕರಿಗೂ ಬರೆದುಕೊಡುತ್ತೇನೆ, ಆದರೆ ಮೊದಲು ನೀನು ಓದು. ಆಗ ನನಗೆ ಹನ್ನೆರಡು. ಶಾಲೆಯ ವಾರ್ಷಿಕೋತ್ಸವದಲ್ಲಿ ನನ್ನ ಹಾಡಿತ್ತು. ಮಾತ್ರೆಯಿಂದ ಅಮ್ಮನ ಮುಖ ಊದಿ ದುಂಡಗಾಗಿತ್ತು, ಗೆಳತಿಯರು ಆಡಿಕೊಂಡು ನಗುತ್ತಿದ್ದರು. "ನೀನು ಬರ್ಬೇಡಮ್ಮ, ನಂಗೆ ನಾಚಿಕೆ ಆಗುತ್ತೆ" ಅಂದುಬಿಟ್ಟೆ. ಅವಳು ಬೈಯಲಿಲ್ಲ. ಹೊಲಿಗೆ ಯಂತ್ರ ನಿಲ್ಲಿಸಿ ಕೆನ್ನೆ ಮುಟ್ಟಿ ನೋಡಿಕೊಂಡಳು. "ಇನ್ನೂ ಎರಡು ವಾರ ಇದೆಯಲ್ಲ, ಅಷ್ಟರಲ್ಲಿ ಇಳಿಯುತ್ತೆ ಬಿಡು" ಅಂದಳು.